ಕಾಲೇಜು ಬ್ಯಾಸ್ಕೆಟ್‌ಬಾಲ್ ಆಟದ ಬೆಳವಣಿಗೆಯೂ ನಮ್ಮ ಬಾಲಿಕೆಯರೂ

ಆಟವೆಂಬುದು ವಿದ್ಯಾಭ್ಯಾಸದ ಹೊರಗಿನ ವಿನೋದವೆಂದು ಭಾವಿಸುವವರು ಇನ್ನೂ ಅನೇಕರುಂಟು. ಹೆಣ್ಣುಮಕ್ಕಳ ವಿಷಯದಲ್ಲಂತೂ ಈ ಭಾವನೆಯು ಹೆಚ್ಚು ಬಲವಾಗಿದೆ. ಆದರೆ ಒಂದು ಆಟದ ನಿಯಮಗಳು ಹೇಗೆ ಬದಲಾಗುತ್ತ ಬಂದುವೆಂಬುದನ್ನು ವಿಚಾರಿಸಿ ನೋಡಿದರೆ, ಆಯಾ ಕಾಲದ ಹಿರಿಯರು ಮಕ್ಕಳ ಶಕ್ತಿಯನ್ನು ಕುರಿತು ಏನನ್ನು ನಂಬಿದ್ದರೆಂಬುದೂ ನಮಗೆ ತಿಳಿದುಬರುತ್ತದೆ. ಇದಕ್ಕೆ ಬ್ಯಾಸ್ಕೆಟ್‌ಬಾಲ್ ಒಂದು ಒಳ್ಳೆಯ ನಿದರ್ಶನವು. ನಮ್ಮ ಹಳೆಯ ವಿದ್ಯಾರ್ಥಿನಿಯರೂ ತಾಯಿತಂದೆಗಳೂ ಈ ಲೇಖನವನ್ನು ಒಂದು ಪಾಠವೆಂದೆಣಿಸಿ ಓದಬೇಕೆಂದು ಕೋರುತ್ತೇವೆ.

1891ನೆಯ ಇಸವಿಯ ಡಿಸೆಂಬರ್ ತಿಂಗಳಲ್ಲಿ, ಅಮೆರಿಕ ದೇಶದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದ ವೈ.ಎಂ.ಸಿ.ಎ. ತರಬೇತಿ ಶಾಲೆಯ ಉಪಾಧ್ಯಾಯರಾದ ಜೇಮ್ಸ್ ನೈಸ್ಮಿತ್ ಎಂಬವರು ಈ ಆಟವನ್ನು ಕಲ್ಪಿಸಿದರು. ಚಳಿಗಾಲದಲ್ಲಿ ಹೊರಗೆ ಆಡಲಾಗದೆ, ಒಳಗಿನ ವ್ಯಾಯಾಮದಲ್ಲಿ ಬೇಸರಗೊಂಡಿದ್ದ ಹದಿನೆಂಟು ಮಂದಿ ತರುಣರಿಗಾಗಿ ಅವರು 13 ನಿಯಮಗಳನ್ನು ಬರೆದರು. ಎರಡು ಹಣ್ಣಿನ ಬುಟ್ಟಿಗಳನ್ನು ನೆಲದಿಂದ ಹತ್ತು ಅಡಿ ಎತ್ತರದಲ್ಲಿ ಮೊಳೆ ಹೊಡೆದು ನಿಲ್ಲಿಸಲಾಯಿತು. ಬುಟ್ಟಿಗಳಿಗೆ ತಳವಿದ್ದುದರಿಂದ, ಚೆಂಡು ಬಿದ್ದಾಗಲೆಲ್ಲ ಏಣಿಯಿಟ್ಟು ತೆಗೆಯಬೇಕಾಗಿತ್ತು. ಚೆಂಡನ್ನು ಹಿಡಿದುಕೊಂಡು ಓಡಕೂಡದು, ಇತರರನ್ನು ತಳ್ಳಕೂಡದು ಎಂಬುವು ಮುಖ್ಯವಾದ ನಿಯಮಗಳು. ಬಲಕ್ಕಿಂತ ಚಾತುರ್ಯಕ್ಕೂ, ಒಬ್ಬನ ಸಾಹಸಕ್ಕಿಂತ ಜೊತೆಗಾರರ ಹೊಂದಾಣಿಕೆಗೂ ಬೆಲೆ ಕೊಡುವುದೇ ಇವುಗಳ ಉದ್ದೇಶವು.

ಮರುವರ್ಷವೇ, ಎಂದರೆ 1892ರಲ್ಲಿ, ಸಮೀಪದ ಸ್ಮಿತ್ ಕಾಲೇಜೆಂಬ ಮಹಿಳಾ ಕಾಲೇಜಿನ ಉಪಾಧ್ಯಾಯಿನಿ ಸೆಂಡಾ ಬೆರೆನ್ಸನ್ ಎಂಬವರು ಈ ಆಟವನ್ನು ತಮ್ಮ ವಿದ್ಯಾರ್ಥಿನಿಯರಿಗೆ ಕಲಿಸಿದರು. ಓಟವು ಹೆಚ್ಚಾದರೆ ಹುಡುಗಿಯರ ನರಗಳು ಬಳಲುವುವೆಂದು ಅಂದಿನ ಬಹುಮಂದಿ ನಂಬಿದ್ದರು. ಆದಕಾರಣ ಆಕೆಯು ಅಂಕಣವನ್ನು ಗೆರೆಗಳಿಂದ ಮೂರು ಭಾಗ ಮಾಡಿ, ಯಾರೂ ತಮ್ಮ ಭಾಗವನ್ನು ದಾಟಕೂಡದೆಂದು ವಿಧಿಸಿದರು. ಚೆಂಡನ್ನು ಮೂರು ಸೆಕೆಂಡಿಗಿಂತ ಹೆಚ್ಚು ಕಾಲ ಹಿಡಿದಿರಕೂಡದು, ಮೂರು ಬಾರಿಗಿಂತ ಹೆಚ್ಚು ನೆಲಕ್ಕೆ ಪುಟಿಸಕೂಡದು ಎಂದೂ ಕಟ್ಟುಮಾಡಿದರು. 1893ರ ಮಾರ್ಚ್ 22ರಂದು ಆ ಕಾಲೇಜಿನ ಎರಡು ತರಗತಿಗಳ ನಡುವೆ ಪಂದ್ಯ ನಡೆದಾಗ ಗಂಡಸರಿಗೆ ಒಳಗೆ ಪ್ರವೇಶವಿರಲಿಲ್ಲ. 1896ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳ ವಿದ್ಯಾರ್ಥಿನಿಯರು ಪರಸ್ಪರ ಎದುರಾದರು. ಸ್ಟ್ಯಾನ್‌ಫರ್ಡ್ 2–1ರಿಂದ ಗೆದ್ದಿತು.

ಬೆರೆನ್ಸನ್ ಅವರ ಗೆರೆಗಳನ್ನು ನಾವು ಹಳಿಯುವುದಿಲ್ಲ. ಅವುಗಳಿಲ್ಲದಿದ್ದರೆ ಅಂದಿನ ಹಿರಿಯರು ಹುಡುಗಿಯರನ್ನು ಅಂಕಣಕ್ಕೆ ಇಳಿಯಗೊಡುತ್ತಿದ್ದರೋ ಇಲ್ಲವೋ ಸಂದೇಹವೇ. ಆದರೆ ಸಸಿಗೆ ಕಟ್ಟಿದ ಬೇಲಿಯನ್ನು ಮರವಾದ ಮೇಲೂ ಬಿಚ್ಚದೆ ಇಟ್ಟರೆ ಅದು ಕಾಂಡವನ್ನೇ ಕೊರೆಯುತ್ತದೆ. ಅಮೆರಿಕದ ಮಹಿಳಾ ಕಾಲೇಜು ಆಟದಲ್ಲಿ 1938ರಲ್ಲಿ ಮೂರು ಭಾಗಗಳು ಎರಡಾದುವು. ತಂಡಕ್ಕೆ ಆರು ಮಂದಿ. ಅವರಲ್ಲಿ ಮೂವರು ಎಸೆಯುವವರು, ಮೂವರು ತಡೆಯುವವರು. ಮಧ್ಯದ ಗೆರೆಯನ್ನು ದಾಟುವಂತಿರಲಿಲ್ಲವಾದ್ದರಿಂದ, ತಡೆಯುವ ಸ್ಥಾನದ ಹುಡುಗಿಯೊಬ್ಬಳು ವರುಷಗಟ್ಟಲೆ ಪಂದ್ಯಗಳನ್ನಾಡಿಯೂ ಬುಟ್ಟಿಗೆ ಒಮ್ಮೆಯೂ ಚೆಂಡೆಸೆಯದೆ ಕಾಲೇಜು ಬಿಡುವುದು ಸಾಧ್ಯವಿತ್ತು. ಕೊನೆಗೆ 1971ರಲ್ಲಿ ಐವರು ಇಡೀ ಅಂಕಣದಲ್ಲಿ ಆಡುವ ನಿಯಮವು ಬಂದಿತು. ಮರುವರ್ಷ, ಸರ್ಕಾರದ ಹಣ ಪಡೆಯುವ ವಿದ್ಯಾಸಂಸ್ಥೆಗಳಲ್ಲಿ ಹೆಣ್ಣುಗಂಡೆಂಬ ಭೇದ ಕೂಡದೆಂದು ಆ ದೇಶದಲ್ಲಿ ಕಾಯಿದೆಯಾಯಿತು. 1976ರಲ್ಲಿ ಮಹಿಳೆಯರ ಬ್ಯಾಸ್ಕೆಟ್‌ಬಾಲ್ ಒಲಿಂಪಿಕ್ಸಿಗೆ ಸೇರಿತು.

ಪುರುಷರ ಆಟವೂ ಹಾಗೆಯೇ ಉಳಿಯಲಿಲ್ಲ. ಪ್ರತಿಯೊಂದು ಗೋಲಿನ ತರುವಾಯ ಚೆಂಡನ್ನು ನಡುವೆ ಮೇಲಕ್ಕೆಸೆದು ಆಟವನ್ನು ಪುನಃ ಆರಂಭಿಸುವ ಪದ್ಧತಿಯು 1937ರಲ್ಲಿ ನಿಂತು, ಆಟಕ್ಕೆ ವೇಗ ಬಂದಿತು. ಮುಂದಿದ್ದ ತಂಡವು ಚೆಂಡನ್ನು ತನ್ನಲ್ಲಿಯೇ ಇಟ್ಟುಕೊಂಡು ಕಾಲ ಕಳೆಯುವುದನ್ನು ತಪ್ಪಿಸಲು, 45 ಸೆಕೆಂಡಿನೊಳಗೆ ಎಸೆಯಲೇಬೇಕೆಂಬ ನಿಯಮವು 1985ರಲ್ಲಿ ಅಮೆರಿಕದ ಪುರುಷರ ಕಾಲೇಜು ಆಟಕ್ಕೆ ಬಂದಿತು. 2015ರಲ್ಲಿ ಆ ಅವಧಿಯು 30 ಸೆಕೆಂಡಿಗೆ ಇಳಿಯಿತು. ದೂರದಿಂದೆಸೆದ ಗೋಲಿಗೆ ಮೂರು ಅಂಕ ಕೊಡುವ ಗೆರೆಯು 1986ರಲ್ಲಿ ಸೇರಿದುದರಿಂದ, ಎತ್ತರವಿಲ್ಲದ ಆದರೆ ಗುರಿಯುಳ್ಳ ಆಟಗಾರರಿಗೂ ಬೆಲೆ ಬಂದಿತು.

ಇಷ್ಟೆಲ್ಲ ಬದಲಾದರೂ ಒಂದು ಮಾತ್ರ ಬದಲಾಗಲಿಲ್ಲ. ಅದೇ ಬುಟ್ಟಿಯ ಎತ್ತರ. ಕಾಲೇಜು ಆಟದಲ್ಲಿ ಅಂದೂ ಹತ್ತು ಅಡಿ, ಇಂದೂ ಹತ್ತು ಅಡಿ. ಪುರುಷರಿಗೂ ಅಷ್ಟೇ, ಮಹಿಳೆಯರಿಗೂ ಅಷ್ಟೇ. 1984ರಿಂದ ಅಲ್ಲಿನ ಮಹಿಳೆಯರ ಚೆಂಡನ್ನು ಸ್ವಲ್ಪ ಕಿರಿದಾಗಿಸಿರುವುದು ನಿಜ. ಆದರೆ ಕೈಗೆ ಒಪ್ಪುವ ಚೆಂಡನ್ನು ಕೊಡುವುದು ಬೇರೆ, ಕಾಲಿಗೆ ಗೆರೆಯ ಕಟ್ಟು ಹಾಕುವುದು ಬೇರೆ. ಮೊದಲನೆಯದು ಸೌಕರ್ಯ, ಎರಡನೆಯದು ಅಡ್ಡಿ. ಗೆರೆಗಳು ಹೋದ ಮೇಲೆ ಹುಡುಗಿಯರ ನರಗಳು ಬಳಲಲಿಲ್ಲ. 2024ರಲ್ಲಿ ಅಮೆರಿಕದ ಮಹಿಳಾ ಕಾಲೇಜುಗಳ ಅಂತಿಮ ಪಂದ್ಯವನ್ನು ದೂರದರ್ಶನದಲ್ಲಿ ಸರಾಸರಿ 1 ಕೋಟಿ 80 ಲಕ್ಷಕ್ಕೂ ಹೆಚ್ಚು ಜನರು ನೋಡಿದರು. ಪುರುಷರ ಅಂತಿಮ ಪಂದ್ಯಕ್ಕೆ ಒಂದೂವರೆ ಕೋಟಿಯಷ್ಟೂ ಜನರಿರಲಿಲ್ಲ. ಆದರೆ ಎಲ್ಲ ಬದಲಾವಣೆಯೂ ಏಳಿಗೆಯೇ ಎಂದು ನಾವು ಹೇಳುವುದಿಲ್ಲ. 2021ರಿಂದ ಅಲ್ಲಿನ ಕಾಲೇಜು ಆಟಗಾರರು ತಮ್ಮ ಹೆಸರು ಮತ್ತು ಚಿತ್ರಗಳ ಬಳಕೆಗೆ ಹಣ ಪಡೆಯಬಹುದಾಗಿದೆ. ದುಡಿದವರಿಗೆ ಪ್ರತಿಫಲ ಸಿಗುವುದು ನ್ಯಾಯವೇ. ಆದರೂ ವಿದ್ಯೆಗಾಗಿ ಹುಟ್ಟಿದ ಆಟದಲ್ಲಿ ವಿದ್ಯೆಯೇ ಹಿಂದಾಗದಂತೆ ಎಚ್ಚರಿಕೆ ಬೇಕು.

ಇನ್ನು ನಮ್ಮ ನಾಡಿನ ಮಾತು. ಮದರಾಸಿನಲ್ಲಿ ಹ್ಯಾರಿ ಕ್ರೋ ಬಕ್ ಎಂಬವರು 1920ರಲ್ಲಿ ವೈ.ಎಂ.ಸಿ.ಎ. ವ್ಯಾಯಾಮ ಶಿಕ್ಷಣ ಕಾಲೇಜನ್ನು ಸ್ಥಾಪಿಸಿದರು. ಅಲ್ಲಿ ತರಬೇತಾದ ಶಿಕ್ಷಕರು ಇಂಥ ಆಟಗಳನ್ನು ದಕ್ಷಿಣ ದೇಶದ ಶಾಲೆಗಳಿಗೂ ಕಾಲೇಜುಗಳಿಗೂ ಒಯ್ದರು. ಆದರೆ ಹೆಣ್ಣುಮಕ್ಕಳು ಕಾಲೇಜು ಆಟವನ್ನಾಡಲು ಮೊದಲು ಕಾಲೇಜಿನ ಬಾಗಿಲು ತೆರೆಯಬೇಕಷ್ಟೆ. ಮಂಗಳೂರಿನ ಸೇಂಟ್ ಆಗ್ನೆಸ್ ಕಾಲೇಜು 1921ರಲ್ಲಿಯೂ, ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜು 1948ರಲ್ಲಿಯೂ ಆರಂಭವಾದುವು. 2017ರಲ್ಲಿ ಬೆಂಗಳೂರಿನಲ್ಲಿ ನಡೆದ ಮಹಿಳೆಯರ ಏಷ್ಯಾ ಕಪ್ ಪಂದ್ಯಾವಳಿಯಲ್ಲಿ ಭಾರತ ತಂಡವು ಕಝಕಸ್ತಾನವನ್ನು 75–73ರಿಂದ ಸೋಲಿಸಿ ಎರಡನೆಯ ವಿಭಾಗದ ಪ್ರಶಸ್ತಿಯನ್ನು ಗೆದ್ದಿತು. ಬೆಂಗಳೂರಿನ ಸಂಜನಾ ರಮೇಶ್ 2019ರಲ್ಲಿ ಅಮೆರಿಕದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ತಂಡವನ್ನು ಸೇರಿದರು. ಬೆರೆನ್ಸನ್ ಗೆರೆ ಎಳೆದ ದೇಶದಲ್ಲಿ ಕನ್ನಡ ನಾಡಿನ ಮಗಳೊಬ್ಬಳು ಗೆರೆಗಳಿಲ್ಲದ ಅಂಕಣದಲ್ಲಿ ಆಡುವ ಕಾಲ ಬಂದಿತು.

ಬೆಂಗಳೂರಿನ ಮಾತು ಎನ್. ಬೇಗೂರಿಗೆ ಏತಕ್ಕೆಂದು ಕೆಲವರು ಕೇಳಬಹುದು. ಹೆಗ್ಗಡದೇವನಕೋಟೆಯ ಸೀಮೆಯ ಹುಡುಗಿಯರು ನೀರು ಹೊರುತ್ತಾರೆ, ಹೊಲದಲ್ಲಿ ಕಳೆ ಕೀಳುತ್ತಾರೆ, ಶಾಲೆಗೆ ಮೈಲಿಗಟ್ಟಲೆ ನಡೆಯುತ್ತಾರೆ. ಅವರ ಕೈಕಾಲುಗಳಲ್ಲಿ ಬಲಕ್ಕೆ ಕೊರತೆಯಿಲ್ಲ. ಆದರೂ ಮಗಳು ಒಂಬತ್ತನೆಯ ಅಥವಾ ಹತ್ತನೆಯ ತರಗತಿಗೆ ಬಂದೊಡನೆ, “ದೊಡ್ಡವಳಾದಳು, ಇನ್ನು ಆಟ ಸಾಕು” ಎಂದು ಮನೆಯವರು ನಿಲ್ಲಿಸುವುದನ್ನು ನಾವು ವರುಷ ವರುಷವೂ ನೋಡುತ್ತೇವೆ. ಹೊಲದ ಕೆಲಸಕ್ಕೆ ಅಡ್ಡಬಾರದ ವಯಸ್ಸು ಆಟಕ್ಕೆ ಮಾತ್ರ ಹೇಗೆ ಅಡ್ಡಬರುತ್ತದೆ? ಇದೂ ಒಂದು ಗೆರೆಯೇ. ಸುಣ್ಣದಿಂದ ಎಳೆದುದಲ್ಲವಾದ್ದರಿಂದ ಅದು ಕಣ್ಣಿಗೆ ಕಾಣುವುದಿಲ್ಲ, ಅಷ್ಟೆ.

ಆಟಕ್ಕೆ ಬೇಕಾದುದು ಬಹಳವಿಲ್ಲ. ಪೂರ್ಣ ಅಂಕಣವು 28 ಮೀಟರ್ ಉದ್ದ, 15 ಮೀಟರ್ ಅಗಲ. ಅಷ್ಟು ಸ್ಥಳವಿಲ್ಲದೆಡೆಯಲ್ಲಿ ಅರ್ಧ ಅಂಕಣವೂ ಒಂದೇ ಬುಟ್ಟಿಯೂ ಸಾಕು. ಮೂವರು ಮೂವರೆದುರು ಆಡುವ ಈ ಬಗೆಯು 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಿಂದ ಅಲ್ಲಿಯೂ ಮಾನ್ಯವಾಗಿದೆ. ಹಳೆಯ ವಿದ್ಯಾರ್ಥಿನಿಯರು ತಮ್ಮ ಊರಿನ ಶಾಲೆಗೆ ಒಂದು ಕಂಬವನ್ನೂ ಒಂದು ಚೆಂಡನ್ನೂ ಒದಗಿಸಿದರೆ ಅದು ಬಹುಕಾಲ ಉಳಿಯುವ ಕಾಣಿಕೆಯಾಗುವುದು. ತಾಯಿತಂದೆಗಳಲ್ಲಿ ನಮ್ಮ ಬಿನ್ನಹವು ಇನ್ನೂ ಚಿಕ್ಕದು: ಮಗಳು ಹತ್ತನೆಯ ತರಗತಿಯಲ್ಲಿರುವಾಗಲೂ, ಮುಂದೆ ಕಾಲೇಜಿಗೆ ಹೋದ ಮೇಲೆಯೂ, ದಿನಕ್ಕೆ ಅರ್ಧ ಗಂಟೆ ಆಡಲು ಅಪ್ಪಣೆ ಕೊಡಿರಿ. ಬುಟ್ಟಿಯನ್ನು ತಗ್ಗಿಸಿರೆಂದು ಹೆಣ್ಣುಮಕ್ಕಳು ಕೇಳುತ್ತಿಲ್ಲ. ಅಂಕಣಕ್ಕೆ ಹೋಗುವ ದಾರಿಯನ್ನು ಬಿಟ್ಟುಕೊಟ್ಟರೆ ಸಾಕು.