ಆರು ಮಾತ್ರೆ ಮಂತ್ರ, ಎರಡು ಮಾತ್ರೆ ಉಸಿರು

ಶ್ರಾವಣ ಬಂತೆಂದರೆ ಭೀಮಾ ದಂಡೆಯ ಅಗರಖೇಡದ ಕಡೆಯಿಂದ ಬಸವನ ಬಾಗೇವಾಡಿವರೆಗೂ ಭಜನೆಯ ಕಾಲ. ‘ಓಂ ನಮಃ ಶಿವಾಯ’ ಸಪ್ತಾಹ ಕೂತ ಗುಡಿಯಲ್ಲಿ ಏಳು ದಿನ ಹಗಲೂ ರಾತ್ರಿ ಪಾಳಿಯ ಮೇಲೆ ಹಾಡು, ಹಾರ್ಮೋನಿಯಂ, ತಾಳ. ಹಾಡಿ ಎದ್ದವರು ‘ಮನಸ್ಸು ಹಗುರಾತು’ ಅನ್ನುತ್ತಾರೆ. ಆ ಹಗುರವನ್ನು ಮನೆಯಲ್ಲೇ, ದಿನಕ್ಕೆ ಕಾಲು ಗಂಟೆಯಲ್ಲಿ ಪಡೆಯಬಹುದು. ಸಪ್ತಾಹದ ರಭಸ ಮಾತ್ರ ಬೇಡ.

ಗುಟ್ಟಿರುವುದು ಉಸಿರಿನಲ್ಲಿ. 2001ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಬಂದ ಅಧ್ಯಯನವೊಂದರಲ್ಲಿ 23 ಮಂದಿ ಆರೋಗ್ಯವಂತರು ‘ಓಂ ಮಣಿ ಪದ್ಮೇ ಓಂ’ ಹೇಳಿದಾಗ ಅವರ ಉಸಿರಾಟ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು. ರಕ್ತದೊತ್ತಡವನ್ನು ಹದದಲ್ಲಿಡುವ ನರಗಳ ಸ್ಪಂದನೆ ಚುರುಕಾಯಿತು. ಕ್ರೈಸ್ತರ ಲ್ಯಾಟಿನ್ ಜಪಮಾಲೆಯಿಂದಲೂ ಅದೇ ಆಯಿತು! ಬೆಂಗಳೂರಿನ ನಿಮ್ಹಾನ್ಸ್ ತಜ್ಞರು 2011ರಲ್ಲಿ ಪ್ರಕಟಿಸಿದ ಸಣ್ಣ ಅಧ್ಯಯನದಲ್ಲಿ, ಓಂಕಾರ ಎಳೆಯುವಾಗ ಮಿದುಳಿನಲ್ಲಿ ಭಾವನೆಗಳಿಗೆ ಸಂಬಂಧಿಸಿದ ಭಾಗಗಳ ಚಟುವಟಿಕೆ ತಗ್ಗಿದ್ದು ಸ್ಕ್ಯಾನಿನಲ್ಲಿ ಕಂಡಿತು. ಹಾಗೆಂದು ‘ಇಂಥ ರೋಗಕ್ಕೆ ಇಂಥ ರಾಗ’ ಎಂದು ಮೊಬೈಲಿನಲ್ಲಿ ಹರಿದಾಡುವ ಪಟ್ಟಿಗಳನ್ನು ನಾನಂತೂ ನಂಬುವುದಿಲ್ಲ.

ಊಟಕ್ಕೆ ಮುಂಚೆ, ಬೆನ್ನು ನೆಟ್ಟಗೆ ಮಾಡಿ ಕೂಡಿರಿ. ನೆಲ ಆಗದವರಿಗೆ ಕುರ್ಚಿಯೇ ಸರಿ. ಮೊದಲು ಷಡ್ಜ (ಸಾ) ಹಿಡಿಯಬೇಕು. ಹಾರ್ಮೋನಿಯಂ ಇಲ್ಲದಿದ್ದರೆ ಮೊಬೈಲಿನ ತಂಬೂರಿ ಸಾಕು. ಮಾತಾಡುವ ದನಿಗಿಂತ ತುಸುವೇ ಮೇಲಿನ ಶ್ರುತಿ ಇಟ್ಟುಕೊಳ್ಳಿ. ಭಜನಾ ಮೇಳದವರ ಏರುಪಟ್ಟಿಗೆ ಹೋಗಬೇಡಿ, ಗಂಟಲು ಬಿಗಿದರೆ ಉಸಿರೂ ಬಿಗಿಯುತ್ತದೆ.

ಆಮೇಲೆ ತಾಳ. ಎಂಟು ಮಾತ್ರೆಯ ಒಂದು ಆವರ್ತನವನ್ನು ತೊಡೆಯ ಮೇಲೆ ಬೆರಳಿನಿಂದ ಎಣಿಸಿ. ‘ಓಂ’ಗೆ ಎರಡು ಮಾತ್ರೆ, ‘ನಮಃ’ಕ್ಕೆ ಒಂದು, ‘ಶಿವಾ’ಕ್ಕೆ ಎರಡು, ‘ಯ’ಕ್ಕೆ ಒಂದು. ಎಳೆಯಬೇಕಾದದ್ದು ‘ವಾ’, ‘ಶೀವಾಯ’ ಆಗಬಾರದು. ಉಳಿದ ಎರಡು ಮಾತ್ರೆಯಲ್ಲಿ ಮೂಗಿನಿಂದ ಸದ್ದಿಲ್ಲದೆ ಉಸಿರು ತೆಗೆದುಕೊಳ್ಳಿ. ಮೊದಮೊದಲು ಮಾತ್ರೆಗೆ ಒಂದು ಸೆಕೆಂಡ್ ಇರಲಿ. ದಮ್ಮು ಕುದುರಿದಂತೆ ಲಯ ಇಳಿಸುತ್ತ, ಆವರ್ತನಕ್ಕೆ ಹತ್ತು ಸೆಕೆಂಡ್ ಆಗುವಂತೆ ಮಾಡಿ. ಆಗ ನಿಮಿಷಕ್ಕೆ ಆರೇ ಉಸಿರು.

ಧಾಟಿ ಸರಳವಾಗಿರಲಿ. ಸಾ, ರಿ, ಗ ಮೂರೇ ಸ್ವರದಲ್ಲಿ ಏರಿ ಇಳಿದರೂ ಸಾಕು. ಭೂಪ ರಾಗ ಬಲ್ಲವರು ಪ, ಧ ಸೇರಿಸಿಕೊಳ್ಳಲಿ. ತಾನ್, ಹರಕತ್ತುಗಳಂಥ ಅಲಂಕಾರ ಇಲ್ಲಿ ಅಡ್ಡಿಯೇ. ಐದು ನಿಮಿಷದಿಂದ ಶುರುಮಾಡಿ ಹದಿನೈದಕ್ಕೆ ಬನ್ನಿ. ಮುಗಿದ ಮೇಲೆ ಬಾಯಿ ಮುಚ್ಚಿ, ‘ಮ್’ ಎಂದು ಕೆಲವು ಸಲ ಗುನುಗಿ, ಸುಮ್ಮನೆ ಕೂಡಿರಿ. ಮನೆಯವರೆಲ್ಲ ಕೂಡಿ ಹಾಡಿದರೆ ಇನ್ನೂ ಚೆನ್ನ. ಮೈಕು ಬೇಡವೇ ಬೇಡ. ನಿದ್ದೆಯಿಲ್ಲದ ರೋಗಿ ಪಕ್ಕದ ಮನೆಯಲ್ಲೂ ಇರಬಹುದು.

ತಲೆ ಸುತ್ತಿದರೆ, ಬೆರಳು ಜುಮ್ಮೆಂದರೆ ನಿಲ್ಲಿಸಿ ಎಂದಿನಂತೆ ಉಸಿರಾಡಿ. ಉಬ್ಬಸ, ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳಿ ಶುರುಮಾಡಬೇಕು. ದನಿ ಒಡೆದು ಮೂರು ವಾರವಾದರೂ ಸರಿಹೋಗದಿದ್ದರೆ ಗಂಟಲು ತೋರಿಸಿ. ಬಿಪಿ, ಸಕ್ಕರೆ ಕಾಯಿಲೆ, ಮೂರ್ಛೆರೋಗದ ಗುಳಿಗೆಗಳನ್ನು ಮಂತ್ರದ ಭರವಸೆಯಲ್ಲಿ ಬಿಡುವಂತಿಲ್ಲ. ಬೇಸರ, ದಿಗಿಲು ವಾರಗಟ್ಟಲೆ ಕಾಡಿದರೆ ಮಾನಸಿಕ ಆರೋಗ್ಯ ಸಹಾಯವಾಣಿ ‘ಟೆಲಿ ಮಾನಸ್’ನ 14416ಕ್ಕೆ ಕರೆ ಮಾಡಿ. ದುಡ್ಡು ಬೀಳುವುದಿಲ್ಲ, ಹಗಲೂ ರಾತ್ರಿ ಕನ್ನಡದಲ್ಲೇ ಮಾತಾಡಬಹುದು.