ಛತ್ರ ಹಿಡಿಯುವ ಮುಂಚೆ ಎಲೆ ಎಣಿಸು

ನಿಶ್ಚಿತಾರ್ಥ ಮುಗಿದ ಮರುದಿನವೇ ನೀನೂ ಭಾವನೂ ಛತ್ರ ನೋಡಲು ಹೊರಟಿರಂತೆ, ನಿನ್ನಮ್ಮ, ಅಂದರೆ ನನ್ನ ಅಕ್ಕ, ಫೋನು ಮಾಡಿದ್ದಳು. ಸ್ವಲ್ಪ ತಡೆ, ಮಗಳೇ. ಮೊದಲು ಕರೆಯಬೇಕಾದವರ ಪಟ್ಟಿ ಬರೆಯಿರಿ. ಮದುವೆಯ ಖರ್ಚು ಹುಟ್ಟುವುದೇ ಅಲ್ಲಿ. ಛತ್ರದ ಅಳತೆ, ಅಡುಗೆ, ತಾಂಬೂಲದ ಚೀಲ, ರಾತ್ರಿ ಉಳಿಯುವವರಿಗೆ ರೂಮು, ಎಲ್ಲವೂ ಅದರ ಹಿಂದೆಯೇ ಬರುತ್ತವೆ. ಸಾವಿರ ಜನ ಹಿಡಿಯುವ ಛತ್ರಕ್ಕೆ ಮೊದಲೇ ಅಡ್ವಾನ್ಸ್ ಕೊಟ್ಟುಬಿಟ್ಟರೆ, ಆಮೇಲೆ ಅದನ್ನು ತುಂಬಿಸಲು ಜನ ಹುಡುಕುತ್ತಾ ಕೂರಬೇಕಾಗುತ್ತದೆ.

ಪಟ್ಟಿಯಲ್ಲಿ ಲಗ್ನಪತ್ರಿಕೆ ಎಣಿಸಬೇಡ, ಎಲೆ ಎಣಿಸು. ಒಂದು ಪತ್ರಿಕೆಗೆ ಊರಿನಿಂದ ನಾಲ್ಕು ಜನ ಬಂದಾರು, ನಿನ್ನ ಆಫೀಸಿನಿಂದ ಒಬ್ಬರೇ. ಆಫೀಸಿನವರು ಆರತಕ್ಷತೆಗೆ ಬಂದು ಫೋಟೊ ತೆಗೆಸಿಕೊಂಡು ಹೋಗುತ್ತಾರೆ, ಊರವರು ಧಾರೆಗೇ ಬರುತ್ತಾರೆ, ಹತ್ತಿರದ ನೆಂಟರು ಎರಡಕ್ಕೂ. ಹಾಗಾಗಿ ಪ್ರತಿ ಹೆಸರಿನ ಮುಂದೆ ರಾತ್ರಿ ಊಟ, ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಎಂದು ಮೂರು ಕಾಲಂ ಹಾಕು. ರಾತ್ರಿಗೆ 600, ಮಧ್ಯಾಹ್ನಕ್ಕೆ 400 ಆಯಿತು ಎಂದಿಟ್ಟುಕೋ. ಒಟ್ಟು ಸಾವಿರ ಎಲೆ. ಇನ್ನೊಂದು ಸ್ವೀಟು, ಒಂದು ಚಾಟ್ ಕೌಂಟರ್ ಇರಲಿ ಅಂತ ಯಾರೋ ಹೇಳಿ ಎಲೆಗೆ 50 ರೂಪಾಯಿ ಏರಿದರೆ, ಅಲ್ಲೇ 50 ಸಾವಿರ ಹೋಯಿತು. ಅಷ್ಟು ಬಗೆಯಲ್ಲಿ ಅರ್ಧ ಎಲೆಯಲ್ಲೇ ಉಳಿಯುತ್ತದೆ, ನೀನೇ ಎಷ್ಟು ಮದುವೆಯಲ್ಲಿ ನೋಡಿಲ್ಲ?

ಅಡುಗೆ ಕಂಟ್ರಾಕ್ಟರು ಇಷ್ಟು ಎಲೆಗೆ ಗ್ಯಾರಂಟಿ ಕೊಡಿ ಅನ್ನುತ್ತಾರೆ. ಕಡಿಮೆ ಜನ ಬಂದರೂ ಅಷ್ಟರ ದುಡ್ಡು ಕೊಡಲೇಬೇಕು. ಆದ್ದರಿಂದ ಗ್ಯಾರಂಟಿ ಸಂಖ್ಯೆಯನ್ನು ನಿಮ್ಮ ಅಂದಾಜಿಗಿಂತ ಸ್ವಲ್ಪ ಕೆಳಗೇ ಇಡಿ, ಹೆಚ್ಚಿಗೆ ಬಂದವರಿಗೂ ಅದೇ ರೇಟು ಎಂದು ಬರೆಸಿಕೊಳ್ಳಿ. ಊಟದ ಹಾಲಿನಲ್ಲಿ ಪಂಕ್ತಿ ಪಂಕ್ತಿಗೂ ಎಲೆ ಎಣಿಸಲು ನಮ್ಮವನೊಬ್ಬ ಅವರ ಮೇಸ್ತ್ರಿಯ ಜೊತೆ ನಿಂತಿರಬೇಕು. ಓಲಗದವರು, ವಿಡಿಯೊದವರು, ಡ್ರೈವರುಗಳು ಉಂಡದ್ದೂ ಎಲೆಯೇ.

ಛತ್ರದವರು ಹೇಳುವ ಬಾಡಿಗೆಯನ್ನೇ ಪೂರ್ತಿ ಲೆಕ್ಕ ಅಂದುಕೊಳ್ಳಬೇಡ. ಅದರ ಮೇಲೆ ಶೇ 18ರಷ್ಟು ಜಿಎಸ್‌ಟಿ ಇದೆ. ಕರೆಂಟು ಮೀಟರ್ ಲೆಕ್ಕವೇ, ಜನರೇಟರಿನ ಡೀಸೆಲ್ ಯಾರದು, ಪಾತ್ರೆ, ಗ್ಯಾಸು, ಕ್ಲೀನಿಂಗ್ ಸೇರಿದೆಯೇ, ತಾರೀಖು ಬದಲಾದರೆ ಅಡ್ವಾನ್ಸ್ ಗತಿಯೇನು, ಎಲ್ಲ ಕೇಳು. ಹಾಗೆಯೇ ಒಬ್ಬರು ಒಂದೇ ಸಮಾರಂಭಕ್ಕೆಂದು ಇನ್ನೊಬ್ಬರಿಂದ ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ. ದೊಡ್ಡ ಮೊತ್ತವನ್ನೆಲ್ಲ ಬ್ಯಾಂಕ್ ಮೂಲಕವೇ ಕೊಟ್ಟು ರಸೀದಿ ಇಟ್ಟುಕೊಳ್ಳಿ. ಆಷಾಢ ಕಳೆದು ಮುಹೂರ್ತಗಳು ಶುರುವಾದರೆ ಛತ್ರ, ಹೂವು ಎರಡಕ್ಕೂ ಜಗ್ಗಾಟ. ಪುರೋಹಿತರು ಎರಡು ಮೂರು ದಿನ ಕೊಟ್ಟರೆ ವಾರದ ನಡುವಿನದನ್ನೂ ವಿಚಾರಿಸಿ ನೋಡಿ. ರಜೆ ಸಿಗಲ್ಲ ಅಂತ ನಿನ್ನ ಸ್ನೇಹಿತೆಯರು ಗೊಣಗಿಕೊಳ್ಳಲಿ, ಪರವಾಗಿಲ್ಲ.

ಚಿನ್ನವನ್ನು ಮಾತ್ರ ರೂಪಾಯಿಯಲ್ಲಿ ಬರೆಯಬೇಡ, ಗ್ರಾಮಿನಲ್ಲಿ ಬರೆ. 40 ಗ್ರಾಂ ತೆಗೆಯಬೇಕೆಂದಿದ್ದು, ಅಷ್ಟರಲ್ಲಿ ಗ್ರಾಮಿಗೆ 500 ರೂಪಾಯಿ ಏರಿದರೆ 20 ಸಾವಿರ ಜಾಸ್ತಿ. ಅದರ ಮೇಲೆ ಮಜೂರಿ, ವೇಸ್ಟೇಜು, ಶೇ 3ರ ಜಿಎಸ್‌ಟಿ. ಹಾಲ್‌ಮಾರ್ಕ್ ನೋಡದೆ ತರಬೇಡಿ.

ಇನ್ನು ಬೀಗರ ವಿಷಯ. ಆರತಕ್ಷತೆ ಖರ್ಚು ಯಾರದು, ಗಂಡಿನ ಕಡೆಯವರ ಬಸ್ಸು ಯಾರದು ಅನ್ನುವುದನ್ನು ಮುಖ ಕೊಟ್ಟು ಮಾತಾಡಿ. ನಮ್ಮ ಮಂಡ್ಯದ ಕಡೆ ಬೀಗರೂಟ ಬೇರೆ ಇದೆಯಲ್ಲ. ಮದುವೆ ಲೆಕ್ಕದಲ್ಲಿ ಅದನ್ನು ಬರೆಯುವವರೇ ಇಲ್ಲ, ಮಟನ್ ಬಿಲ್ಲು ಬಂದಾಗಲೇ ನೆನಪು. ಅದು ಯಾರ ಮನೆಯಲ್ಲಿ, ಎಷ್ಟು ಜನಕ್ಕೆ ಎಂದು ಈಗಲೇ ಮಾತಾಗಲಿ. ಆದರೆ ವರೋಪಚಾರದ ಹೆಸರಿನಲ್ಲಿ ಕಾರು, ಸೈಟು ಎಂಬ ಮಾತು ಬಂದರೆ ಅದಕ್ಕೆ ಕಾಲಂ ಹಾಕುವುದಲ್ಲ, ಎದ್ದು ಬರುವುದು. 1961ರ ವರದಕ್ಷಿಣೆ ನಿಷೇಧ ಕಾಯಿದೆಯಲ್ಲಿ ತೆಗೆದುಕೊಂಡವನಷ್ಟೇ ಅಲ್ಲ, ಕೊಟ್ಟವನೂ ಅಪರಾಧಿ. ಭಾವನಿಗೆ ಇದನ್ನು ನಾನೇ ಹೇಳುತ್ತೇನೆ.

ಕುವೆಂಪು ಅವರ ಮಂತ್ರ ಮಾಂಗಲ್ಯದ ರೀತಿ ಸರಳವಾಗಿ ಆಗೋಣ ಎಂದು ನೀನು ಕೇಳಿದ್ದೆಯಂತೆ, ಅಕ್ಕ ಅತ್ತಳಂತೆ. ನನ್ನ ಮನಸ್ಸು ನಿನ್ನ ಕಡೆಗೇ ಇತ್ತು. ಹೋಗಲಿ, ಅವಳಿಗೂ ಆಸೆ ಇರುತ್ತದೆ.

ಮುಯ್ಯಿ ಬರುತ್ತದಲ್ಲ, ಸರಿಹೋಗುತ್ತೆ ಅಂತ ಭಾವ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡ. ಎಷ್ಟು ಬರುವುದೋ ಯಾರಿಗೆ ಗೊತ್ತು, ಬಂದದ್ದನ್ನೂ ಒಂದು ದಿನ ಅವರ ಮನೆ ಮದುವೆಗೆ ತಿರುಗಿಸಬೇಕು. ಕೈಯಲ್ಲಿರುವ ದುಡ್ಡು ಎಷ್ಟು, ಸಾಲವಿಲ್ಲದೆ ಹೊಂದಿಸುವುದು ಎಷ್ಟು, ಅಷ್ಟನ್ನೇ ಪುಟದ ಮೇಲೆ ಬರೆ. ಅದರಲ್ಲಿ ಹತ್ತರಲ್ಲೊಂದು ಪಾಲು ಅನಿರೀಕ್ಷಿತಕ್ಕೆ ತೆಗೆದಿಡು. ಮದುವೆಯಾದ ಮೇಲೆ ಬೆಂಗಳೂರಿನಲ್ಲಿ ಮನೆ ಹಿಡಿಯಬೇಕು, ಅದರ ಅಡ್ವಾನ್ಸೇ ತಿಂಗಳುಗಟ್ಟಲೆ ಬಾಡಿಗೆಯಷ್ಟು. ಮೊದಲ ಗೌರಿ ಹಬ್ಬದ ಬಾಗಿನ, ಅಳಿಯನ ಮೊದಲ ದೀಪಾವಳಿ ಕೂಡ ಇವೆ. ಅದಕ್ಕೆಲ್ಲ ಬೇಕಾದ್ದನ್ನು ಮೊದಲೇ ಕಳೆದುಬಿಟ್ಟು, ಉಳಿದದ್ದರಲ್ಲಿ ಮದುವೆ ಮಾಡಿ.

ಭಾನುವಾರ ಭಾವನನ್ನೂ ಕರೆದುಕೊಂಡು ಪಟ್ಟಿ ಸಮೇತ ಬಾ. ಹೆಸರು ಹೊಡೆದುಹಾಕುವ ಕೆಲಸ ನನಗಿರಲಿ. ಅಕ್ಕನ ಕಡೆಯಿಂದ ಯಾರನ್ನು ಬಿಟ್ಟರೂ ಬೈಗುಳ ಬೀಳುವುದು ನನ್ನ ಮೇಲೆ ತಾನೇ.