ಗರ್ಭಿಣಿಯೂ ತುಂಬಿದ ಕೊಡವೂ

ಕೃಷ್ಣೆಗೆ ಬಸವಸಾಗರ ಕಟ್ಟಿರುವ ನಾರಾಯಣಪುರದ ಸೀಮೆಯಲ್ಲಿಯೂ ಮನೆಗೆ ನೀರು ಹೊರುವವರು ಸಾಮಾನ್ಯವಾಗಿ ಹೆಂಗಸರೇ. ಅವರಲ್ಲಿ ಗರ್ಭಿಣಿಯರೂ ಉಂಟು. ಬಗ್ಗಿ ಭಾರವೆತ್ತುವುದು ಅವರಿಗೆ ಅಪಾಯಕರವೇ? ಭೌತಶಾಸ್ತ್ರದ ದೃಷ್ಟಿಯಿಂದ ವಿಚಾರಿಸೋಣ.

ನಮ್ಮ ಬೆನ್ನು ಒಂದು ಸನ್ನೆಗೋಲು. ಬೆನ್ನೆಲುಬಿನ ಕೆಳಭಾಗವೇ ಅದರ ಆಧಾರಬಿಂದು. ಬೆನ್ನಿನ ಸ್ನಾಯುಗಳು ಇದರಿಂದ ಸುಮಾರು 5 ಸೆಂಟಿಮೀಟರ್ ಹಿಂದಿದ್ದು ಎಳೆಯುತ್ತವೆ. 15 ಲೀಟರ್ ನೀರು 15 ಕಿಲೋಗ್ರಾಂ ತೂಗುತ್ತದೆ. ಕೊಡವು 20 ಸೆಂಟಿಮೀಟರ್ ಮುಂದಿದ್ದರೆ ಆ ನೀರಿಗಾಗಿಯೇ ಸ್ನಾಯುಗಳು 60 ಕಿಲೋಗ್ರಾಂ ತೂಕದಷ್ಟು ಬಲ ಹಾಕಬೇಕು. 40 ಸೆಂಟಿಮೀಟರ್ ಮುಂದಿದ್ದರೆ 120! ಬಗ್ಗಿದ ಮುಂಡದ ಭಾರ ಬೇರೆ. ಗರ್ಭ ಬೆಳೆದಂತೆ ಕೊಡವನ್ನು ಮೈಗೊತ್ತಿ ಹಿಡಿಯಲಾಗದು. ಗುರುತ್ವಕೇಂದ್ರ ಮುಂದೆ ಸರಿಯುತ್ತದೆ, ಕೀಲುಗಳ ಕಟ್ಟುಗಳೂ ಸಡಿಲಗೊಳ್ಳುತ್ತವೆ.

ಬಗ್ಗಿದ ಮಾತ್ರಕ್ಕೆ ಶಿಶು ನಲುಗದು. ಗರ್ಭಜಲವು ಅದನ್ನು ಕಾಯುತ್ತದೆ. ಅಪಾಯವಿರುವುದು ತಾಯಿಯ ಸೊಂಟಕ್ಕೆ, ಸಮತೋಲಕ್ಕೆ. ಪದೇ ಪದೇ ಅತಿಭಾರ ಎತ್ತಿದರೆ ಅಕಾಲ ಪ್ರಸವದ ಸಂಭವವೂ ತುಸು ಹೆಚ್ಚಬಹುದು.

ಆರೋಗ್ಯವಂತ ಗರ್ಭಿಣಿ ಅಪರೂಪಕ್ಕೊಮ್ಮೆ, ಮೈಗೆ ಹತ್ತಿರವಾಗಿ ಎತ್ತಬಹುದಾದ ಭಾರಕ್ಕೆ ಅಮೆರಿಕದ ತಜ್ಞರು 2013ರಲ್ಲಿ ಮಿತಿಗಳನ್ನು ಸೂಚಿಸಿದರು: 20 ವಾರಗಳವರೆಗೆ ಸುಮಾರು 16 ಕಿಲೋಗ್ರಾಂ, ಅನಂತರ ಸುಮಾರು 12. ಪದೇ ಪದೇ ಎತ್ತುವವಳಿಗೆ ಮಿತಿ ಇನ್ನೂ ಕಡಿಮೆ. ನೆಲಮಟ್ಟದಿಂದ ಎತ್ತುವುದಂತೂ ಸಲ್ಲದು. ನೋವಾಗಲಿ ರಕ್ತಸ್ರಾವವಾಗಲಿ ಕಂಡರೆ ವೈದ್ಯರಲ್ಲಿಗೆ ಹೋಗಲೇಬೇಕು.

ಆದುದರಿಂದ ಕೊಡವನ್ನು ಕಟ್ಟೆಯ ಮೇಲಿಟ್ಟು ಅರ್ಧವೇ ತುಂಬುವುದು ಲೇಸು. ಅದಕ್ಕಿಂತ ಲೇಸಾದುದು, ವಿದ್ಯಾರ್ಥಿಗಳೇ, ಆ ಕೊಡವನ್ನು ನಾವೇ ಹೊರುವುದು.